ಪ್ರಾಧಾನ್ಯದ ನೆಲೆ: ದನಿಯೋ, ಕೇಳುವವನ ಅರಿವೋ?

ಮಾತಿನಲ್ಲಿ ಒಂದು ಅಕ್ಷರ ಅಥವಾ ಪದ ಉಳಿದವುಗಳಿಗಿಂತ ಎದ್ದು ಕೇಳಿಸುವ ಗುಣವಾದ ಪ್ರಾಧಾನ್ಯವು ದನಿಯಲ್ಲಿಯೇ ಇದೆಯೋ, ಕೇಳುವವನ ಅರಿವಿನಲ್ಲಿ ಹುಟ್ಟುತ್ತದೆಯೋ ಎಂಬ ಪ್ರಶ್ನೆ, ವೇದಪಾಠದ ಶುದ್ಧಿಯನ್ನು ಧರ್ಮವೆಂದೇ ಬಗೆದ ಪರಂಪರೆಯಲ್ಲಿ ಬಹು ಹಿಂದೆಯೇ ಎದ್ದಿತ್ತು. ಇಂದ್ರನನ್ನು ಕೊಲ್ಲುವ ಮಗನಿಗಾಗಿ ತ್ವಷ್ಟೃ ಮಾಡಿದ ಯಜ್ಞದ ವೈದಿಕ ಕಥೆಯಲ್ಲಿ ಬರುವ ‘ಇಂದ್ರಶತ್ರು’ ಎಂಬ ಸಮಾಸದ ಕೊನೆಯ ಅಕ್ಷರ ಉದಾತ್ತವಾದರೆ, ಎಂದರೆ ಏರುದನಿಯಲ್ಲಿ ನುಡಿಯಲ್ಪಟ್ಟರೆ, ಇಂದ್ರನನ್ನು ಕೊಲ್ಲುವವನೆಂದೂ, ಮೊದಲಕ್ಷರ ಉದಾತ್ತವಾದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನೆಂದೂ ಅರ್ಥವಾಗುತ್ತದೆ. ಯಜ್ಞದಲ್ಲಿ ಸ್ವರ ತಪ್ಪಿದ್ದರಿಂದ, ಅದರಿಂದ ಹುಟ್ಟಿದ ವೃತ್ರನೇ ಇಂದ್ರನಿಂದ ಹತನಾದನು. ಇಷ್ಟು ಭಾರ ಹೊತ್ತ ಏರಿಳಿತಕ್ಕೆ ಅಳತೆ ಯಾವುದು? ಉದಾತ್ತವನ್ನು ಕುರಿತ ವೈಯಾಕರಣ ಪಾಣಿನಿಯ ಸೂತ್ರವನ್ನು ಚರ್ಚಿಸುವ ಮಹಾಭಾಷ್ಯವೆಂಬ ವ್ಯಾಖ್ಯಾನವು, ಒಬ್ಬನಿಗೆ ಏರಾಗಿ ಕೇಳಿಸಿದ್ದು ಮತ್ತೊಬ್ಬನಿಗೆ ತಗ್ಗಾಗಿ ಕೇಳಿಸೀತೆಂಬ ಆಕ್ಷೇಪವನ್ನು ಮುಚ್ಚಿಡದೆ ಮುಂದಿಟ್ಟು, ಎದೆ, ಕಂಠ, ತಲೆ ಎಂಬ ನೆಲೆಗಳಲ್ಲಿ ಒಂದೇ ನೆಲೆಯೊಳಗೆ ಹೋಲಿಸಬೇಕೆಂಬ ಪರಿಹಾರವನ್ನು ನೀಡುತ್ತದೆ. ಈ ಪ್ರಾಮಾಣಿಕತೆ ನಿಜಕ್ಕೂ ಮೆಚ್ಚತಕ್ಕದ್ದು.

ಇದೇ ಪ್ರಶ್ನೆ ಮುಂದೆ ಪ್ರಯೋಗದ ವಿಷಯವೂ ಆಯಿತು. ಇಪ್ಪತ್ತನೆಯ ಶತಮಾನದಲ್ಲಿ ಡೆನಿಸ್ ಫ್ರೈ ಎಂಬ ಬ್ರಿಟಿಷ್ ಧ್ವನಿವಿಜ್ಞಾನಿಯು 1955 ಮತ್ತು 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒತ್ತಿನ ಸ್ಥಾನ ಬದಲಾದಾಗ ನಾಮಪದವೋ ಕ್ರಿಯಾಪದವೋ ಆಗುವ ಇಂಗ್ಲಿಷ್ ಪದಗಳನ್ನು ಕೃತಕವಾಗಿ ರಚಿಸಿ, ಕೇಳುಗರ ತೀರ್ಪನ್ನು ಪಡೆದನು. ಒತ್ತನ್ನು ಗುರುತಿಸಲು ದನಿಯ ಗಟ್ಟಿತನಕ್ಕಿಂತ ಸ್ವರಾಕ್ಷರದ ಕಾಲಮಾನವೇ ಹೆಚ್ಚು ನೆರವಾಗುವುದೆಂದೂ, ಶ್ರುತಿಯ ಬದಲಾವಣೆ ಪ್ರಬಲ ಸೂಚನೆಯೆಂದೂ ಕಂಡುಬಂತು. ಈಚಿನ ವಿಧಾನವೊಂದರಲ್ಲಿ ತರಬೇತಿಯಿಲ್ಲದ ಹಲವರು ಮಾತನ್ನು ಕೇಳುತ್ತಲೇ ಎದ್ದು ಕೇಳಿಸಿದ ಪದಗಳನ್ನು ಗುರುತು ಮಾಡುತ್ತಾರೆ; ಎಷ್ಟು ಪಾಲು ಕೇಳುಗರು ಗುರುತಿಸಿದರೋ ಅದೇ ಆ ಪದದ ಅಂಕ. ಆದುದರಿಂದ ಪ್ರಾಧಾನ್ಯವನ್ನು ದನಿಯ ಗುಣವೆನ್ನುವುದಕ್ಕಿಂತ, ದನಿಗೂ ಕೇಳುಗನಿಗೂ ನಡುವಣ ಸಂಬಂಧವೆನ್ನುವುದೇ ಸರಿ.