ಮಾರ್ಜಿನ್ ಯಾರದು?

ಒಂದು ವಸ್ತು ನಮ್ಮದು ಅಂದಮಾತ್ರಕ್ಕೆ ಅದರ ಶಕ್ತಿಯನ್ನೆಲ್ಲ ಹಿಂಡಿ ತೆಗೆಯುವ ಹಕ್ಕು ನಮಗುಂಟೆ? ಪುಣೆಯಲ್ಲಿ ನಮ್ಮ ಸೊಸೈಟಿಯ ಹುಡುಗನೊಬ್ಬನ ಕಾರು ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿತು.

ಅವನದು ಇಪ್ಪತ್ತು ವರ್ಷದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, ಕಂಪನಿ ಕೊಟ್ಟ ಶಕ್ತಿ 150 ಹಾರ್ಸ್‌ಪವರ್. ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರವೇ ಟರ್ಬೊ. ಎಷ್ಟು ಒತ್ತಬೇಕೆಂದು ಹೇಳುವುದು ಕಾರಿನೊಳಗಿನ ಪುಟ್ಟ ಕಂಪ್ಯೂಟರು. ಅದರ ಲೆಕ್ಕ ಬದಲಿಸಿದರೆ ಗಾಳಿ ಹೆಚ್ಚು, ಪೆಟ್ರೋಲ್ ಹೆಚ್ಚು. ಅದೇ ಇಂಜಿನ್ 180 ದಾಟುತ್ತದೆ. ಇದಕ್ಕೆ ರೀಮ್ಯಾಪ್ ಅನ್ನುತ್ತಾರೆ.

"ಕಾಕಾ, ತಾಕತ್ತು ಒಳಗ ಇತ್ತು. ಕಂಪನಿಯವ್ರು ಕಟ್ಟಿ ಹಾಕಿದ್ರು, ನಾ ಬಿಚ್ಚಿದೆ, ಅಷ್ಟ" ಅಂದ.

ಮಾತು ಪೂರ್ತಿ ಸುಳ್ಳಲ್ಲ. ಆದರೆ ಬ್ಯಾಂಕಿನಲ್ಲಿ ಕೂತು ಸಾಲ ಮಂಜೂರು ಮಾಡಿದವನಿಗೆ ಬೇರೊಂದು ಪದ ನೆನಪಾಗುತ್ತದೆ: ಮಾರ್ಜಿನ್. ಗೋದಾಮಿನಲ್ಲಿ ನೂರು ರೂಪಾಯಿಯ ಸರಕಿದ್ದರೆ ನಾವು ಎಪ್ಪತ್ತೈದೇ ಕೊಡುತ್ತಿದ್ದೆವು. ಉಳಿದ ಇಪ್ಪತ್ತೈದು ಸುಮ್ಮನೆ ಬಿದ್ದದ್ದಲ್ಲ, ಬೆಲೆ ಕುಸಿದ ದಿನ ಠೇವಣಿದಾರರ ದುಡ್ಡು ಕಾಯುವಂಥದ್ದು. ಕಾರು ಕಟ್ಟುವವರೂ ಹಾಗೇ. ಕಲಬೆರಕೆ ಪೆಟ್ರೋಲು, ಮೇ ತಿಂಗಳ ಬಿಸಿಲು, ಸವೆದ ಕ್ಲಚ್ಚು, ಬಿರುಕುಬಿಟ್ಟ ರಬ್ಬರ್ ಪೈಪು, ಇಂಥ ದಿನಕ್ಕೆಂದು ಒಂದಿಷ್ಟು ಉಳಿಸಿರುತ್ತಾರೆ. ರೀಮ್ಯಾಪ್‌ನಿಂದ ಲೋಹ ಗಟ್ಟಿಯಾಗುವುದಿಲ್ಲ. ಖರ್ಚಾಗುವುದು ಈ ಉಳಿತಾಯ.

ಇಂಜಿನ್ ಸುಟ್ಟರೆ ನಷ್ಟ ಅವನದೇ, ಕೇಳಲು ನಾವ್ಯಾರು? ಹೆಚ್ಚಿದ ವೇಗಕ್ಕೆ ಹಳೇ ಬ್ರೇಕು ಸಾಲದೆ ಹೋದರೆ ಮಾತು ಬೇರೆ. ಆ ನಾಲ್ಕು ಅಡಿಯ ಅಂತರ ಕಾತ್ರಜ್ ಘಾಟಿನಲ್ಲಿ ಎದುರು ಬರುವ ಸ್ಕೂಟರಿನವನದು. ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಬದಿಗಿರಲಿ, ಆ ಸ್ಕೂಟರಿನವನನ್ನು ಯಾರೂ ಕೇಳಿರಲಿಲ್ಲವಲ್ಲ!

ಹಾಗಂತ ಹುಮ್ಮಸ್ಸನ್ನು ಹಳಿಯಲಾರೆ. ಇದ್ದುದರಲ್ಲೇ ಇರು ಎಂಬ ಮಾತು ಕೇಳಿದ್ದರೆ ನಮ್ಮಂಥವರು ಊರು ಬಿಟ್ಟು ಬರುತ್ತಲೇ ಇರಲಿಲ್ಲ. ಆದರೆ ಪರಊರಲ್ಲಿ ಬಾಳುವವನಿಗೆ ಮಾರ್ಜಿನ್ನಿನ ಬೆಲೆ ಬೇಗ ತಿಳಿಯುತ್ತದೆ. ನನ್ನ ಒಡಕು ಮರಾಠಿಗೆ ನಗದ ತರಕಾರಿಯವಳು, ಆಸ್ಪತ್ರೆಯಲ್ಲಿ ನಮಗಾಗಿ ರಾತ್ರಿ ಕೂತ ನೆರೆಯವರು, ಇವರೆಲ್ಲ ತೋರಿದ ತಾಳ್ಮೆ ನಮ್ಮ ಆಸ್ತಿಯಲ್ಲ. ಇದೆಯೆಂಬ ನಂಬಿಕೆಯಲ್ಲಿ ಬದುಕಬೇಕು, ಇದೆಯೆಂದು ಬಳಸಿ ಬರಿದು ಮಾಡಬಾರದು.

ಹಳೇ ಕಾರಿನ ಬ್ರೇಕು, ಟೈರು, ಪೈಪು, ರೇಡಿಯೇಟರ್ ಹೊಸದು ಮಾಡಿ, ಸವೆದ ಇಂಜಿನ್ನಿನಿಂದ ಆ ಮೊದಲಿನ 150 ಅನ್ನೇ ಮತ್ತೆ ಪಡೆದರೆ ಅದೂ ಸುಧಾರಣೆಯೇ. ಎಕ್ಸ್‌ಪ್ರೆಸ್ ವೇಯ ಮಿತಿ ಹೇಗೂ ಗಂಟೆಗೆ 100 ಕಿಲೋಮೀಟರು. ಅದಕ್ಕೆ ಅಷ್ಟು ಸಾಕು, ಮೇಲಿಷ್ಟು ಉಳಿಯುತ್ತದೆ ಕೂಡ.