ರೋಗವೂ ಲಜ್ಜೆಯೂ

“ವೇಶ್ಯಾವೃತ್ತಿಯಲ್ಲಿರುವ ಹೆಣ್ಣಿಗೆ ನಿರೋಧವನ್ನು ಹಂಚುವುದು ಪಾಪಕ್ಕೆ ನೆರವಾದಂತಲ್ಲವೆ?” ಎಂದು ಸದ್ಗೃಹಸ್ಥರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಕಪಟದ್ದಲ್ಲ; ಧರ್ಮಭೀರುವಾದ ಮನಸ್ಸಿನಲ್ಲಿ ಏಳತಕ್ಕುದೇ. ಆದುದರಿಂದ, ಶರಣಬಂಧುಗಳೇ, ಇದನ್ನು ಸಮಾಧಾನದಿಂದ ವಿಚಾರಿಸಬೇಕು.

ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಮೊದಲು ಗೊತ್ತಾದುದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೋಮನ್ ಅವರೂ ಅವರ ಶಿಷ್ಯೆ ನಿರ್ಮಲಾ ಅವರೂ ಪರೀಕ್ಷಿಸಿದ್ದು ಈ ವೃತ್ತಿಯ ಹೆಂಗಸರ ರಕ್ತವನ್ನು. ಅಂದಿನಿಂದ ಲೋಕವು ಅವರನ್ನೇ ರೋಗದ ಮೂಲವೆಂದು ಬೆರಳು ಮಾಡಿ ತೋರಿಸಿತು. ಅವರಿಗೆ ಸೋಂಕನ್ನು ತಂದವನಾರು, ಅವರಿಂದ ತನ್ನ ಮನೆಗೆ ಒಯ್ದವನಾರು ಎಂದು ಕೇಳಿದವರು ವಿರಳ. ಅವನಿಗೆ ಊರಿನಲ್ಲಿ ಗೌರವದ ಹೆಸರಿರುವುದೂ ಉಂಟು! ಆತನ ಧರ್ಮಪತ್ನಿಯೂ ಆಕೆಯ ಗರ್ಭದ ಶಿಶುವೂ ಯಾವ ಪಾಪವನ್ನು ಮಾಡಿದ್ದವು?

ಕಲಕತ್ತೆಯ ಸೋನಾಗಾಛಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರು ಕೆಲಸಕ್ಕೆ ತೊಡಗಿದಾಗ ಉಪದೇಶ ಮಾಡಲಿಲ್ಲ. ಆ ಹೆಂಗಸರನ್ನೇ ತರಬೇತುಗೊಳಿಸಿ, ಮನೆಮನೆಗೆ ತಿಳಿವಳಿಕೆ ಹೇಳುವವರನ್ನಾಗಿ ಮಾಡಿದರು. ಆಗ ಒಂದು ಸಂಗತಿ ಸ್ಪಷ್ಟವಾಯಿತು: ನಿರೋಧವಿಲ್ಲದೆ ಒಲ್ಲೆನೆಂದು ಹೇಳುವುದಕ್ಕೆ ತಿಳಿವೊಂದೇ ಸಾಲದು, ಕೈಯಲ್ಲಿ ನಾಲ್ಕು ಕಾಸೂ ಇರಬೇಕು. ಬಡ್ಡಿಯ ಸಾಲದಲ್ಲಿ ಮುಳುಗಿದವಳು ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಲಾರಳು. 1995ರಲ್ಲಿ ಆ ಹೆಂಗಸರೇ ‘ಉಷಾ’ ಎಂಬ ಸಹಕಾರ ಸಂಘವನ್ನು ಕಟ್ಟಿ, ಉಳಿತಾಯಕ್ಕೂ ಸಾಲಕ್ಕೂ ದಾರಿ ಮಾಡಿಕೊಂಡರು. ವೈದ್ಯಶಾಸ್ತ್ರದ ಪುಸ್ತಕದಲ್ಲಿ ಇಂಥ ಔಷಧವನ್ನು ನಾವು ಹುಡುಕುವುದಿಲ್ಲ.

ಪಾಪವೆಂಬ ಮಾತಿಗೆ ಬರೋಣ. ನಮ್ಮ ಉತ್ತರ ಕರ್ನಾಟಕದಲ್ಲಿಯೇ ಅರಿವು ಮೂಡುವ ಮುನ್ನ ಮುತ್ತು ಕಟ್ಟಿಸಿಕೊಂಡ ಬಾಲೆಯರೆಷ್ಟು! ಅದನ್ನು ನಿಷೇಧಿಸುವ ಶಾಸನ ಬಂದದ್ದು 1982ರಲ್ಲಿ. ತಾನು ಆರಿಸಿಕೊಳ್ಳದ ಬಾಳಿನ ಪಾಪವನ್ನು ಆ ಬಾಲೆಯ ತಲೆಗೆ ಕಟ್ಟುವುದು ಯಾವ ನ್ಯಾಯ? ಇನ್ನು ತಾನೇ ಆರಿಸಿಕೊಂಡವಳಾದರೂ ಆಕೆಯ ಪ್ರಾಣ ಅಗ್ಗವಾಯಿತೆ? ಹನ್ನೆರಡನೆಯ ಶತಮಾನದಲ್ಲಿ ಸೂಳೆ ಸಂಕವ್ವೆ ತನ್ನ ವೃತ್ತಿಯ ಮಾತನ್ನೇ ಶಿವನಿಷ್ಠೆಗೆ ಭಾಷೆಯಾಗಿ ಮಾಡಿಕೊಂಡಳು. ಆಕೆಯ ಅಂಕಿತ ನಿರ್ಲಜ್ಜೇಶ್ವರ. ಆ ವಚನವನ್ನು ನಮ್ಮ ಹಿರಿಯರು ಮರೆಮಾಡದೆ ಉಳಿಸಿದರು.

ಇಂದು ಔಷಧವಿದೆ, 2004ರಿಂದ ಸರಕಾರವೇ ಅದನ್ನು ಉಚಿತವಾಗಿ ಕೊಡುತ್ತಿದೆ. ಅದನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗಿದ ಸ್ಥಿತಿಯನ್ನು ಉಳಿಸಿಕೊಂಡವರಿಂದ ದಾಂಪತ್ಯದಲ್ಲಿ ಸೋಂಕು ಹರಡದು. ಜೊತೆಯಲ್ಲಿ ಉಂಡರೆ, ಒಂದೇ ತಂಬಿಗೆಯ ನೀರು ಕುಡಿದರೆ ಎಂದೂ ಹರಡಿದ್ದಿಲ್ಲ. ಆದರೂ ಪರಿಚಿತರು ಕಂಡಾರೆಂಬ ಅಂಜಿಕೆಯಿಂದ, ಹತ್ತಿರದ ಆಸ್ಪತ್ರೆಯನ್ನು ಬಿಟ್ಟು ದೂರದೂರಿಗೆ ಹೋಗುವವರಿದ್ದಾರೆ.

ಇದನ್ನೆಲ್ಲ ಹೇಳಿ, ಆ ಗೃಹಸ್ಥರನ್ನು ನಾನೂ ಒಂದು ಮಾತು ಕೇಳಿದೆ: “ಅಂಥ ತಾಯಿಯೊಬ್ಬಳು ದಾಸೋಹದ ಪಂಕ್ತಿಯಲ್ಲಿ ತಮ್ಮ ಪಕ್ಕಕ್ಕೆ ಬಂದು ಕುಳಿತರೆ?” ಅವರು ಬಹಳ ಹೊತ್ತು ಸುಮ್ಮನಿದ್ದು, “ಎದ್ದು ಹೋಗಲಾರೆ, ಆದರೆ ತುತ್ತು ಇಳಿಯುವುದೋ ಇಲ್ಲವೋ, ಹೇಳಲಾರೆ” ಎಂದರು.