ನಾಟಕ ಮುಗಿದ ಮೇಲೆ

ಶಾಲೆಯ ವಾರ್ಷಿಕೋತ್ಸವಕ್ಕೆ ಕುವೆಂಪು ಅವರ 'ಜಲಗಾರ' ನಾಟಕ ಆಡುತ್ತಾರೆಂದು ಮಗಳು ಹೇಳಿದಾಗ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಕೋಣಂದೂರಿನವರಾದ ನಮಗೆ ಕುಪ್ಪಳಿ ಒಂದೇ ತಾಲೂಕು. ಕವಿ ನಮ್ಮವರೇ ಎಂಬ ಅಭಿಮಾನ. ಆದರೆ ಅವಳಿಗೆ ಸಿಕ್ಕಿದ್ದು ಜಲಗಾರನ, ಅಂದರೆ ಬೀದಿ ಗುಡಿಸುವವನ ಪಾತ್ರವೆಂದು ತಿಳಿದಾಗ ಅವಳ ಅಜ್ಜಿಯ ಮುಖ ಸಣ್ಣದಾಯಿತು.

"ಬೇರೆ ಯಾವ ಪಾರ್ಟೂ ಇರ್ಲಿಲ್ವಾ? ಕಸ ಗುಡಿಸೋ ಪಾರ್ಟೇ ಸಿಕ್ತಾ ನಿಂಗೆ?"

"ಅಜ್ಜಿ, ಇದ್ರಲ್ಲಿ ಅವನೇ ಹೀರೋ" ಎಂದಳು ಮಗಳು.

ನಾವೆಲ್ಲ ನಕ್ಕೆವು. ನಾಟಕ ಚೆನ್ನಾಗಿಯೇ ಆಯಿತು. 1928ರಲ್ಲಿ ಬರೆದ ಆ ಪುಟ್ಟ ನಾಟಕದ ಕಥೆ ಬಹಳ ಮಂದಿಗೆ ಗೊತ್ತು. ಊರಿನವರೆಲ್ಲ ಶಿವನನ್ನು ಕಾಣಲು ದೇವಸ್ಥಾನಕ್ಕೆ ಹೋಗುತ್ತಾರೆ. ಒಳಗೆ ಕಾಲಿಡಲು ಹಕ್ಕಿಲ್ಲದ ಜಲಗಾರ ಬೀದಿಯಲ್ಲೇ ಉಳಿದು ತನ್ನ ಕೆಲಸ ಮಾಡುತ್ತಾನೆ. ಶಿವ ಬರುವುದು ಗುಡಿಯೊಳಗಲ್ಲ, ಆ ಬೀದಿಗೆ. ಅದೂ ಮತ್ತೊಬ್ಬ ಜಲಗಾರನಾಗಿ. ಪರದೆ ಬಿದ್ದಾಗ ಅಜ್ಜಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಬೆಳಿಗ್ಗೆ ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುವ ಹೆಂಗಸು ಹಿತ್ತಲ ಬಾಗಿಲಲ್ಲಿ ಕಾಫಿ ಕುಡಿದು, ಲೋಟ ತೊಳೆದು, ಎಂದಿನಂತೆ ಗೋಡೆಯ ಗೂಡಿನಲ್ಲಿ ಮಗುಚಿಟ್ಟು ಹೋದಳು. ಮಗಳು ಅದನ್ನೇ ನೋಡುತ್ತಿದ್ದಳು. "ಪಪ್ಪ, ಆ ಲೋಟ ಯಾಕೆ ಹೊರಗೇ ಇರತ್ತೆ?" ಎಂದು ಕೇಳಿದಳು. "ಅದು ಮೊದಲಿಂದ ಹಾಗೇ" ಎಂದೆ. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪ್ರಿಯ ಓದುಗರೇ, ಕಲೆಯಿಂದ ಸಮಾಜ ಬದಲಾಗುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ನಾಟಕದಿಂದ, ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿದ್ದಾರೆ. ಕವಿಯೊಬ್ಬನಿದ್ದರೆ ಸಾಕು, ಕ್ರಾಂತಿಯೇ ಆಗಿಬಿಡುತ್ತದೆ ಎನ್ನುವವರೂ ಇದ್ದಾರೆ. ಸತ್ಯ ಎಲ್ಲಿದೆ ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ಇತಿಹಾಸವೇ ಸಾಕು.

1951ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಅಲ್ಲಿನ ದೊಡ್ಡ ಜಗಳವಾಗಿತ್ತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು. ಸಮಾಜವಾದಿಗಳು ಬೆಂಬಲಕ್ಕೆ ಬಂದರು, ಡಾ. ರಾಮಮನೋಹರ ಲೋಹಿಯಾ ಸ್ವತಃ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿದ್ದ ನಮ್ಮ ತಾಲೂಕಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಕೋಣಂದೂರಿನ ಹೆಸರನ್ನು ತಮ್ಮ ಹೆಸರಿನೊಂದಿಗೇ ಹೊತ್ತ ಲಿಂಗಪ್ಪನವರೂ ಇದೇ ಸಮಾಜವಾದಿ ದಾರಿಯಲ್ಲಿ ಬೆಳೆದವರು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿದಾರನೇ ಹೊಲದ ಒಡೆಯನಾಗುವ ದಾರಿ ತೆರೆಯಿತು.

ಇದನ್ನೆಲ್ಲ ಮಾಡಿದ್ದು ಕವಿತೆಯೋ? ಅಲ್ಲ. ಜೈಲಿಗೆ ಹೋದವರು, ಸಂಘ ಕಟ್ಟಿದವರು, ಶಾಸನಸಭೆಯಲ್ಲಿ ವಾದಿಸಿದವರು ಮಾಡಿದರು. ಆದರೆ ಇನ್ನೊಂದು ಮಾತೂ ನಿಜ. ಒಡೆಯರ ಅಂಗಳದಲ್ಲಿ ಕೈಕಟ್ಟಿ ನಿಂತವನು ತನ್ನನ್ನು ಮೊದಲು ಇಂಥ ಜಾತಿಯವನು, ಇಂಥವರ ಒಕ್ಕಲು ಎಂದೇ ತಿಳಿದಿದ್ದ. 'ನಾನು ರೈತ, ನನ್ನಂಥವರು ನಾಡೆಲ್ಲ ಇದ್ದಾರೆ' ಎಂಬ ಅರಿವು ಬರಬೇಕಾದರೆ ಯಾರಾದರೂ ಅವನಿಗೆ ಅವನ ಗೌರವವನ್ನು ತೋರಿಸಬೇಕು. ಕುವೆಂಪು ನೇಗಿಲು ಹಿಡಿದವನನ್ನು ಯೋಗಿ ಎಂದು ಕರೆದು ಹಾಡಿದರು. ಆ ಹಾಡು 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಕೇಳಿಸಿತು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಸಭೆಗಳಲ್ಲಿ ಹಸಿರು ಶಾಲಿನವರು ಅದನ್ನು ಎದ್ದು ನಿಂತು ಹಾಡಿದರು. ಬೇರೆ ಬೇರೆ ಜಾತಿಯವರು ಒಂದೇ ದನಿಯಲ್ಲಿ ಹಾಡುವಾಗ, ಹಾಡುತ್ತಿರುವಷ್ಟು ಹೊತ್ತಾದರೂ ಅವರು ಒಂದೇ ಜನ. ಕಲೆ ಮಾಡುವ ಮೊದಲ ಕೆಲಸ ಇದು: ಅದು ಚದುರಿದವರಿಗೆ 'ನಾವು' ಎಂಬ ಮಾತನ್ನು ಕೊಡುತ್ತದೆ.

ಆದರೆ ಇಲ್ಲೇ ಒಂದು ಅಪಾಯವಿದೆ. 'ನಾವು' ಎಂದ ಕೂಡಲೇ 'ಅವರು' ಹುಟ್ಟಿಕೊಳ್ಳುತ್ತಾರೆ. ಹಾಡು ಜನರನ್ನು ಒಂದು ಮಾಡುವಂತೆಯೇ ಒಡೆಯಬಲ್ಲದು. ನಮ್ಮನ್ನು ಹೊಗಳಿ, ತಪ್ಪನ್ನೆಲ್ಲ ಮತ್ತೊಬ್ಬರ ಮೇಲೆ ಹೊರಿಸುವ ಹಾಡು, ಸಿನಿಮಾಗಳಿಗೂ ಜನ ಸೇರುತ್ತಾರೆ. ಅಲ್ಲಿಯೂ ಕಣ್ಣೀರು ಬರುತ್ತದೆ. ಹಾಗಾದರೆ ಒಳ್ಳೆಯ ಕಲೆಯನ್ನು ಗುರುತಿಸುವುದು ಹೇಗೆ?

ಪವಿತ್ರ ಬೈಬಲಿನಲ್ಲಿ ನಾತಾನ್ ಪ್ರವಾದಿ ದಾವೀದ ಅರಸನಿಗೆ ಹೇಳಿದ ಕಥೆ ನಮಗೆಲ್ಲ ಗೊತ್ತು. ಬೇಕಾದಷ್ಟು ಕುರಿಗಳಿದ್ದ ಶ್ರೀಮಂತ, ಬಡವನ ಬಳಿಯಿದ್ದ ಒಂದೇ ಒಂದು ಕುರಿಮರಿಯನ್ನು ಕಿತ್ತು ಅತಿಥಿಗೆ ಅಡುಗೆ ಮಾಡಿಸಿದ. ಕಥೆ ಕೇಳಿದ ಅರಸನಿಗೆ ಎಲ್ಲಿಲ್ಲದ ಕೋಪ ಬಂತು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಸೊಗಸಾದ ಕಥೆಯಾಗಿ ಮುಗಿಯುತ್ತಿತ್ತು. ಅರಸ ತನ್ನನ್ನು ನ್ಯಾಯವಂತನೆಂದೇ ನಂಬಿ ಮಲಗುತ್ತಿದ್ದ. ಆದರೆ ಪ್ರವಾದಿ ಬೆರಳನ್ನು ಅರಸನ ಕಡೆಗೇ ತಿರುಗಿಸಿದ. ಆ ಶ್ರೀಮಂತ ಬೇರೆ ಯಾರೂ ಅಲ್ಲ, ಅರಸನೇ.

ಕಲೆಯ ಎರಡನೆಯ ಕೆಲಸ, ಕಷ್ಟದ ಕೆಲಸ, ಇದು. ಪರರ ಅನ್ಯಾಯಕ್ಕೆ ಕೆರಳಿದ ನಮ್ಮನ್ನು ಅದು ನಮ್ಮ ಅಂಗಳಕ್ಕೇ ತಂದು ನಿಲ್ಲಿಸಬೇಕು.

ನಮ್ಮ ಕಡೆಯ ಲೇಖಕರು ಈ ಕೆಲಸ ಮಾಡಿದ್ದಾರೆ. ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಸ್ವತಃ ಸಮಾಜವಾದಿ ಬಳಗದವರು, ಗೋಪಾಲಗೌಡರನ್ನು ಪ್ರೀತಿಸಿದವರು. ಗೌಡರು 1972ರಲ್ಲಿ ತೀರಿಕೊಂಡರು. ಅವರ ಬದುಕಿನಿಂದ ಪ್ರೇರಣೆ ಪಡೆದು ಅನಂತಮೂರ್ತಿ 1978ರಲ್ಲಿ ಪ್ರಕಟಿಸಿದ 'ಅವಸ್ಥೆ' ಕಾದಂಬರಿ ಜಯಕಾರದ ಪುಸ್ತಕವಲ್ಲ. ಅಲ್ಲಿನ ನಾಯಕ ಕೃಷ್ಣಪ್ಪಗೌಡ ರೋಗದಿಂದ ಹಾಸಿಗೆ ಹಿಡಿದು ತನ್ನ ಬದುಕನ್ನೂ ರಾಜಕೀಯವನ್ನೂ ತಾನೇ ವಿಚಾರಣೆಗೆ ಒಳಪಡಿಸಿಕೊಳ್ಳುತ್ತಾನೆ. ತಮ್ಮವರನ್ನೇ ಹೀಗೆ ಪರೀಕ್ಷಿಸುವ ಧೈರ್ಯ ಎಷ್ಟು ಪಕ್ಷಗಳಿಗಿದೆ?

ಸಾಗರದ ನಾ. ಡಿಸೋಜ ಅವರನ್ನು ನೆನೆಯೋಣ. 2025ರ ಜನವರಿಯಲ್ಲಿ ಅಗಲಿದ ಈ ಹಿರಿಯರು ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಾ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂತು, ಹಳ್ಳಿಗಳು ಮುಳುಗಿದವು. ಮುಳುಗಡೆಯವರ ಕಥೆಯನ್ನು ಡಿಸೋಜ ಅವರು ಮತ್ತೆ ಮತ್ತೆ ಬರೆದರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಚಲನಚಿತ್ರ ಮಾಡಿದಾಗ ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿದುಕೊಂಡ ಒಂದು ಕುಟುಂಬದ ಕಥೆ ಅದು. ಸರ್ಕಾರದ ಮೇಲೆ ಸಿಟ್ಟಾಗಿ ನೋಡಿ ಬರಬಹುದು. ಆದರೆ ಮನೆಗೆ ಬಂದು ಸ್ವಿಚ್ ಒತ್ತಿದಾಗ ಉರಿಯುವ ದೀಪ ಆ ನೀರಿನದೇ. ಚಿತ್ರದಲ್ಲಿ ಇನ್ನೊಂದು ಮಾತಿದೆ. ಮಳೆಗಾಲದ ಕಷ್ಟದಲ್ಲಿ ಸಂಸಾರವನ್ನು ಕಾಪಾಡುವವಳು ಹೆಂಡತಿ ನಾಗಿ. ಉಳಿದುಕೊಂಡ ಮೇಲೆ ಗಂಡ ಅದನ್ನೆಲ್ಲ ದೇವರ ಕೃಪೆ ಎನ್ನುತ್ತಾನೆ. ಅವಳ ದುಡಿಮೆ ಅವನ ಕಣ್ಣಿಗೆ ಬೀಳುವುದಿಲ್ಲ. ನೊಂದವನ ಮನೆಯೊಳಗೂ ನೋಯಿಸಲ್ಪಟ್ಟವರು ಇರುತ್ತಾರೆ.

ಮತ್ತೆ ನಮ್ಮ ಹಿತ್ತಲಿನ ಲೋಟಕ್ಕೆ ಬರುತ್ತೇನೆ. ನನ್ನ ಅಜ್ಜ ಗೇಣಿದಾರರು. ಭತ್ತ ಅಳೆಯುವ ದಿನ ಒಡೆಯರ ಅಂಗಳದಲ್ಲಿ ನಿಂತು ಕಾಯುತ್ತಿದ್ದ ಕಥೆಯನ್ನು ಅವರು ಸಾಯುವವರೆಗೂ ಹೇಳಿದರು. 1974ರ ಕಾನೂನಿನಿಂದ ಡಿಕ್ಲರೇಷನ್ ಕೊಟ್ಟು ಜಮೀನು ನಮ್ಮದಾಯಿತು. ಆ ಕಾನೂನು ಗೇಣಿದಾರನಿಗೆ ಹೊಲ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿಯುತ್ತಿದ್ದವರಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. ನಾವು ರೈತರಾದೆವು, ಆ ಹಾಡನ್ನು ಹೆಮ್ಮೆಯಿಂದ ಹಾಡಿದೆವು. ನಮ್ಮ ಗದ್ದೆಯಲ್ಲಿ ನಾಟಿ ಮಾಡುವವಳು ನಮ್ಮ 'ನಾವು' ಎಂಬ ಮಾತಿನೊಳಗೆ ಬರಲೇ ಇಲ್ಲ. ಅಜ್ಜ ನಿಂತ ಜಾಗದಲ್ಲೇ ಇಂದು ಅವಳು ನಿಂತಿದ್ದಾಳೆ. ಅಂಗಳ ಮಾತ್ರ ನಮ್ಮದು.

ಕೆಲವು ದಿನಗಳ ನಂತರ ನನ್ನ ಹೆಂಡತಿ ಆ ಲೋಟವನ್ನು ಒಳಗೆ ತಂದು ಉಳಿದ ಲೋಟಗಳ ಜೊತೆ ಇಟ್ಟಳು. ಮರುದಿನ ಒಳಗಿನ ಲೋಟದಲ್ಲಿ ಕಾಫಿ ಕೊಟ್ಟಾಗ ಆ ಹೆಂಗಸು ಹಿಂದೆ ಸರಿದು "ನನ್ನ ಲೋಟ ಎಲ್ಲೋಯ್ತು ಅಮ್ಮಾ?" ಎಂದಳು. ಅವಳಿಗೆ ಸಂತೋಷವಾಗುತ್ತದೆಂದು ನಾವು ಎಣಿಸಿದ್ದೆವು; ಅವಳ ಮುಖದಲ್ಲಿದ್ದುದು ಭಯ. ಇಷ್ಟು ವರ್ಷಗಳ ವಾಡಿಕೆ ಒಂದು ಬೆಳಗಿನ ನಮ್ಮ ಔದಾರ್ಯದಿಂದ ಹೋಗುವುದಿಲ್ಲ.

ಲೋಟ ಬದಲಾಯಿಸುವುದು ಸುಲಭ, ಅದಕ್ಕೆ ಖರ್ಚಿಲ್ಲ. ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವ ವಾಡಿಕೆ ನಮ್ಮ ಮನೆಯಲ್ಲೂ ಇದೆ. ಅಜ್ಜನಿಗೆ ಕೊಳಗದ ಅಳತೆ ಹೇಗೋ, ಅವಳಿಗೆ ಈ ಕೂಲಿಯ ಅಳತೆ ಹಾಗೆ. ಮನೆಯಲ್ಲಿ ಈಗ ಆ ಮಾತು ನಡೆದಿದೆ. ಸುತ್ತಲಿನವರು ಏನೆನ್ನುತ್ತಾರೆ, ಅಡಿಕೆ ಧಾರಣೆ ಬಿದ್ದರೆ ಏನು ಮಾಡುವುದು ಎಂಬ ನೆಪಗಳೂ ಬಂದಿವೆ. ಮಾತು ಇನ್ನೂ ಮುಗಿದಿಲ್ಲ. ಆದರೆ ಅದು ಶುರುವಾದದ್ದು ಒಂದು ಶಾಲಾ ನಾಟಕದಿಂದ ಎಂಬುದನ್ನು ನಾನು ಮರೆಯಲಾರೆ.

ಕಲೆ ನಮ್ಮ ಪರವಾಗಿ ಸಮಾಜವನ್ನು ಬದಲಾಯಿಸಿಕೊಡುವುದಿಲ್ಲ. ಅದು ತೋರಿಸುತ್ತದೆ, ಕಂಡ ಮೇಲೆ ಕಾಣಲಿಲ್ಲ ಎನ್ನುವಂತಿಲ್ಲ. ಆದ್ದರಿಂದ ಮಕ್ಕಳನ್ನು ನಾಟಕಕ್ಕೆ ಕಳುಹಿಸೋಣ, ಕಥೆ ಕಾದಂಬರಿ ಓದಿಸೋಣ. ಮರಳಿ ಬಂದಾಗ "ಹೇಗಿತ್ತು?" ಎಂದಷ್ಟೇ ಕೇಳಿ ಸುಮ್ಮನಾಗದೆ, "ಆ ಕಥೆಯಲ್ಲಿ ನಾವು ಯಾರು?" ಎಂದೂ ಅವರ ಜೊತೆ ಕುಳಿತು ಕೇಳಿಕೊಳ್ಳೋಣ. ಉತ್ತರ ಹೇಳಲು ನಾಚಿಕೆಯಾದರೆ, ನಾಟಕ ಚೆನ್ನಾಗಿತ್ತೆಂದೇ ಅರ್ಥ.